ಎಂಟಿರಬೇಕಾದಲ್ಲಿ ಐದು

"ಮುಟ್ಟಬೇಡಿ!"

ಲ್ಯಾಬಿನವಳು ಗದರಿದ ರೀತಿಗೆ ನಾನು ಕೈ ಹಿಂದಕ್ಕೆಳೆದುಕೊಂಡೆ. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರಿಗೆ ಒಳಗೊಳಗೇ ಖುಷಿಯಾಯಿತು. ನನಗೆ ಯಾರಾದರೂ ಗದರಿದರೆ ಅವರಿಗೆ ಅವತ್ತಿನ ಊಟ ರುಚಿಸುತ್ತದೆ.

"ನೋಡಮ್ಮಾ, ಇಲಾಖೆ ಬಿಟ್ಟು ಇಷ್ಟು ವರ್ಷ ಆಯ್ತು, ಸಿಕ್ಕಿದ್ದಕ್ಕೆಲ್ಲ ಕೈ ಹಾಕೋ ಚಟ ನಿನಗೆ ಬಿಟ್ಟಿಲ್ಲ," ಎಂದರು.

ಠಾಣೆಯ ಹಿತ್ತಿಲಿನಲ್ಲಿ, ಜಪ್ತಿಯಾಗಿ ತುಕ್ಕು ಹಿಡಿಯುತ್ತಿದ್ದ ಸ್ಕೂಟರುಗಳ ನಡುವೆ, ಟಾರ್ಪಾಲಿನ ಮೇಲೆ ಉಕ್ಕಿನ ಬ್ರಾಕೆಟ್ಟುಗಳನ್ನು ಸಾಲಾಗಿ ಮಲಗಿಸಿದ್ದರು. ಹಿಟ್ಟಿನ ಗಿರಣಿಯಲ್ಲಿ ಕುಸಿದು ಒಬ್ಬಾಕೆಯ ಜೀವ ತೆಗೆದ ಅಟ್ಟಣಿಗೆಯನ್ನು ಹೊತ್ತಿದ್ದು ಇವೇ. ಇವನ್ನು ಬೆಸೆದ ವೆಲ್ಡರ್ 'ತಪ್ಪು ನನ್ನದೇ' ಎಂದು ಒಪ್ಪಿಕೊಂಡು ಜೈಲಿನಲ್ಲಿ ಕೂತಿದ್ದ. ಅವನನ್ನು ಹೊರಗೆ ತರುತ್ತೇನೆಂದು ಈಗ ಖಾಸಗಿ ಪತ್ತೇದಾರಿಕೆ ಮಾಡುವ ನಾನು ಅವನ ತಂಗಿಗೆ ಮಾತು ಕೊಟ್ಟಿದ್ದೆ.

ಮುರಿದ ಬ್ರಾಕೆಟ್ಟಿನ ಬುಡದ ಪ್ಲೇಟು ಇಷ್ಟು ದಿನ ಗೋಡೆಯ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಇವತ್ತು ಬೆಳಗ್ಗೆ ಗಾರೆ ಒಡೆದು ಹೊರಗೆ ತೆಗೆದಿದ್ದರು. ಲ್ಯಾಬಿನವಳು ಅದರ ಮುಂದೆ ಮೊಣಕಾಲೂರಿ ಕೂತಿದ್ದಳು. ಲೋಹದ ವಿಷಯ ಬಿಟ್ಟು ಬೇರೇನೂ ಮಾತಾಡದ ಹೆಂಗಸು. ಮದುವೆ ಮನೆಗೆ ಹೋದರೂ ಚಮಚ ತಿರುಗಿಸಿ ನೋಡುವವಳು ಎಂದು ಇನ್‌ಸ್ಪೆಕ್ಟರ್ ಹಿಂದಿನಿಂದ ಆಡಿಕೊಳ್ಳುತ್ತಾರೆ.

"ಮೊದ್ಲು ಇವುಗಳನ್ನ ನೋಡಿ," ಎಂದು ಮುರಿಯದ ಬ್ರಾಕೆಟ್ಟುಗಳನ್ನು ತೋರಿಸಿದಳು. "ನಿಂತಿರೋ ಪ್ಲೇಟು ಹತ್ತು ಎಂಎಂ. ಗೋಡೆಗೆ ಕೂರೋ ಪ್ಲೇಟು ಹನ್ನೆರಡು. ಎರಡೂ ಸೇರೋ ಮೂಲೇಲಿ ವೆಲ್ಡು ಐದು. ನಕ್ಷೇಲೂ ಐದೇ. ಎಲ್ಲ ಸರಿಯಾಗಿದೆ."

"ಮುರಿದದ್ದು?"

ಅವಳು ಅಳತೆಗೋಲು ಇಟ್ಟು ನನಗೆ ತೋರಿಸಿದಳು. "ನಿಂತಿದ್ದು ಅದೇ ಹತ್ತು. ವೆಲ್ಡು ಅದೇ ಐದು. ಆದ್ರೆ ಗೋಡೆ ಕಡೆ ಪ್ಲೇಟು ಇಪ್ಪತ್ತೈದು."

"ಇಪ್ಪತ್ತೈದಾ?" ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಹಂಗಾದ್ರೆ ಎಲ್ಲಕ್ಕಿಂತ ಇದೇ ಗಟ್ಟಿ ಇರ್ಬೇಕಿತ್ತಲ್ಲ?"

"ಎಲ್ಲರೂ ಹಾಗೇ ಅಂದ್ಕೋತಾರೆ," ಎಂದು ಅವಳು ನಿಟ್ಟುಸಿರು ಬಿಟ್ಟಳು. "ಬಿಸಿ ಚಹಾ ಲೋಟದಲ್ಲಿದ್ರೆ ನಿಧಾನಕ್ಕೆ ಆರುತ್ತೆ. ಅದನ್ನೇ ಒಂದು ಚಮಚ ಕಲ್ಲುಚಪ್ಪಡಿ ಮೇಲೆ ಚೆಲ್ಲಿ ನೋಡಿ, ಚೆಲ್ಲಿದ ಕ್ಷಣಕ್ಕೇ ತಣ್ಣಗೆ. ದಪ್ಪ ಪ್ಲೇಟು ಆ ಚಪ್ಪಡಿ ಇದ್ದ ಹಾಗೆ. ಸಣ್ಣ ವೆಲ್ಡಿನ ಬಿಸಿನೆಲ್ಲ ಒಂದೇ ಗುಟುಕಿಗೆ ಹೀರಿಬಿಡುತ್ತೆ. ಹಾಗೆ ಸರ್ರಂತ ಆರಿದ್ರೆ ವೆಲ್ಡಿನ ಅಂಚಿನ ಉಕ್ಕು ಗಾಜಿನ ಹಾಗೆ ಪೆಡಸಾಗುತ್ತೆ. ಒಳಗೇ ಬಿರುಕು ಬಿಡುತ್ತೆ, ಕೆಲವು ಸಲ ಮಾರನೇ ದಿನ. ಮೇಲೆ ಬಣ್ಣ ಹೊಡೆದ್ರೆ ಯಾರಿಗೂ ಕಾಣಲ್ಲ."

"ಅಟ್ಟಣಿಗೆ ಭಾರಕ್ಕೆ ಐದು ಸಾಲದೇ ಹೋಯ್ತು ಅನ್ನಿ."

"ಅಲ್ಲ ಸಾರ್. ಭಾರ ಹೊರೋಕೆ ಐದು ಬೇಕಾದಷ್ಟಾಯ್ತು. ಇದು ಭಾರದ ಲೆಕ್ಕ ಅಲ್ಲ, ಬಿಸಿಯ ಲೆಕ್ಕ. ಸೇರಿಸೋ ಎರಡು ಪ್ಲೇಟಲ್ಲಿ ಯಾವುದು ದಪ್ಪವೋ ಅದನ್ನ ನೋಡಿ ವೆಲ್ಡಿನ ಕನಿಷ್ಠ ಅಳತೆ ಹಿಡೀಬೇಕು. ಹನ್ನೆರಡಕ್ಕೆ ಐದು ಸಾಕು. ಇಪ್ಪತ್ತೈದಕ್ಕೆ ಎಂಟಾದರೂ ಬೇಕು, ಪ್ಲೇಟನ್ನ ಮೊದ್ಲೇ ಕಾಯಿಸ್ಕೊಂಡೂ ಇರ್ಬೇಕು. ಇಲ್ಲಿ ಎರಡೂ ಆಗಿಲ್ಲ. ಒಳಗಿದ್ದ ಬಿರುಕು ಯಂತ್ರಗಳ ಅದುರಿಗೆ ದಿನಾ ಚೂರು ಚೂರೇ ಬೆಳೆದಿದೆ. ಇದೊಂದು ಕೈ ಬಿಡ್ತು, ಪಕ್ಕದವು ಬಗ್ಗಿದವು."

ಇನ್‌ಸ್ಪೆಕ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. ತಮಾಷೆ ಮುಖದಿಂದ ಇಳಿದುಹೋಗಿತ್ತು.

"ಇಷ್ಟರಲ್ಲಿ ಒಂದೇ ಒಂದು ಪ್ಲೇಟು ಬೇರೆ. ಅದೂ ಆ ಯಮ್ಮ ದಿನಾ ನಿಲ್ತಿದ್ದ ಜಾಗದ ಕೆಳಗಿಂದು. ಇದು ಕಣ್ತಪ್ಪಲ್ಲ. ಯಾರೋ ತಿಳಿದೂ ತಿಳಿದೂ ಬದಲಾಯಿಸಿದಾರೆ."

ಸತ್ತಾಕೆ ವೆಲ್ಡರನ ಸೋದರತ್ತೆ. ತಾಯಿಯಿಲ್ಲದ ಅವನನ್ನೂ ಅವನ ತಂಗಿಯನ್ನೂ ಸಾಕಿದವಳು. ಗಿರಣಿಯಲ್ಲಿ ಜರಡಿ ಯಂತ್ರದ ಮೇಲಿನ ಅಟ್ಟಣಿಗೆಯಲ್ಲಿ ನಿಂತು ಕೆಲಸ, ಬಾಯಿ ಜೋರು, ಕೆಲಸಗಾರರ ಪರವಾಗಿ ಮ್ಯಾನೇಜರನ ಮುಂದೆ ಎದೆ ಕೊಟ್ಟು ನಿಲ್ಲುವವಳು. 'ಮೇಲೆ ನಿಂತ್ಕೊಂಡು ಕೂಗಾಡ್ತೀಯಲ್ಲ, ಎಷ್ಟು ದಿನ ನಿಲ್ತೀಯ ನೋಡ್ತೀನಿ' ಎಂದು ಆ ಮ್ಯಾನೇಜರ್ ಎಲ್ಲರೆದುರಿಗೆ ಅಂದಿದ್ದ. ಅವನು ಎಂಜಿನಿಯರಿಂಗ್ ಓದಿದವನು. ಬಿಸಿಯ ಲೆಕ್ಕ ಅವನಿಗೆ ತಿಳಿಯದೇ ಇರುತ್ತದೆಯೇ?

"ಇನ್ನು ಇದು ಅಜಾಗರೂಕತೆ ಕೇಸಲ್ಲ," ಎಂದರು ಇನ್‌ಸ್ಪೆಕ್ಟರ್. "ಕೊಲೆ. ಪ್ಲೇಟು ಬದಲಾಯಿಸಿದವರು ಯಾರೇ ಆಗ್ಲಿ, ಅವರ ಬಾಯಿಂದ 'ನಾನೇ' ಅಂತ ಒಂದು ಮಾತು ಬೀಳ್ಲಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದನ್ನು ಬಚ್ಚಿಡುವುದಿಲ್ಲ. ಗೇಟಿನ ಹೊರಗೆ ಬಂದವಳೇ ವೆಲ್ಡರನ ತಂಗಿಗೆ ಫೋನು ಮಾಡಿದೆ. ಅಣ್ಣ ವೆಲ್ಡಿಂಗ್ ಮಾಡುತ್ತಿದ್ದ ಶೆಡ್ಡಿನಲ್ಲೇ ಅವಳದು ಗ್ಯಾಸ್ ಕಟಿಂಗ್ ಕೆಲಸ. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಿದ್ದರಂತೆ, ನಾನೂ ಹಾಗೇ ಕರೆಯುತ್ತಿದ್ದೆ.

"ಪುಟ್ಟಿ, ಒಂದು ಎಳೆ ಸಿಕ್ಕಿದೆ ಕಣೇ. ಮುರಿದ ಬ್ರಾಕೆಟ್ಟಿನ ಪ್ಲೇಟು ಬದಲಾಗಿದೆ. ಅದನ್ನ ಬದಲಾಯಿಸಿದ್ದು ಯಾರು ಅಂತ ಗೊತ್ತಾದ್ರೆ ನಿಮ್ಮಣ್ಣ ಹೊರಗೆ ಬಂದ ಹಾಗೇ."

ಆ ಕಡೆ ಶೆಡ್ಡಿನ ಗ್ರೈಂಡರು ಕಿರುಚುವುದು ಮಾತ್ರ ಕೇಳುತ್ತಿತ್ತು.

"ನಿಜವಾಗ್ಲೂನಾ ಅಕ್ಕಾ? ಅಷ್ಟು ಗೊತ್ತಾದ್ರೆ ಸಾಕಾ?"

"ಧಾರಾಳವಾಗಿ ಸಾಕು."

ಅವಳು ಅಳುವುದಕ್ಕೆ ಶುರು ಮಾಡಿದಳು. ಸಂತೋಷದ ಅಳು ಎಂದುಕೊಂಡೆ. ಫೋನಿನಲ್ಲಿ ಹೆಚ್ಚು ಬಿಚ್ಚಬಾರದೆಂಬುದು ನನ್ನ ಹಳೆಯ ಪೊಲೀಸ್ ಅಭ್ಯಾಸ. ಐದು, ಎಂಟು, ಬಿಸಿ, ಬಿರುಕು ಯಾವುದನ್ನೂ ಹೇಳದೆ ಫೋನಿಟ್ಟೆ.

ಮಧ್ಯಾಹ್ನ ಆ ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಮಾತಿನ ಮಲ್ಲ. ಕೇಳಿದ್ದಕ್ಕೂ ಹೇಳುತ್ತಾನೆ, ಕೇಳದ್ದಕ್ಕೂ ಹೇಳುತ್ತಾನೆ.

"ಗಿರಣಿ ಮ್ಯಾನೇಜರ್ರಾ? ಆ ಪುಣ್ಯಾತ್ಮ ಇಲ್ಲಿಗೆ ಬಂದಿದ್ದೇ ಒಂದು ಸಲ. ಆ ಬಾಗಿಲಲ್ಲಿ ನಿಂತು ಇಣುಕಿ ನೋಡ್ದ, ಬಿಳೀ ಶರ್ಟಿಗೆ ಮಸಿ ಆಗುತ್ತೆ ಅಂತ ಹಂಗೇ ವಾಪಸ್ ಹೋದ. ಪ್ಲೇಟು ಬದಲಾಯಿಸೋದಿರ್ಲಿ ಮೇಡಂ, ಅವನಿಗೆ ನಮ್ಮ ಬಚ್ಚಲು ಎಲ್ಲಿದೆ ಅಂತಾನೂ ಗೊತ್ತಿಲ್ಲ."

"ಅವನ ಕಡೆಯವರು ಯಾರಾದ್ರೂ?"

"ಕಡೆಯವರು ಇರೋಕೆ ಅವನೇನು ರಾಜನಾ?"

ನನ್ನ ಸಂತೋಷಕ್ಕೆ ಅಲ್ಲೇ ಸ್ವಲ್ಪ ನೀರು ಬಿತ್ತು. ಆದರೂ ಶೆಡ್ಡನ್ನು ಸುತ್ತಿ ನೋಡಿದೆ. ಹಿಂದಿನ ಗೋಡೆಗೆ ಉಳಿಕೆ ಹಾಳೆಗಳನ್ನು ಒರಗಿಸಿದ್ದರು, ತೆಳುವು ಮುಂದೆ, ದಪ್ಪನೆಯವು ಹಿಂದೆ. ಮೇಸ್ತ್ರಿಯ ಕೈಯಲ್ಲಿ ಮುಂದಿನವನ್ನು ಸರಿಸಿಸಿದೆ. ಕಟ್ಟಕಡೆಗೆ ಇಪ್ಪತ್ತೈದರ ಹಾಳೆಯೊಂದಿತ್ತು. ಅದರ ಮೂಲೆಯಲ್ಲಿ ಒಂದೇ ಒಂದು ತುಂಡು ಕತ್ತರಿಸಿ ತೆಗೆದ ಜಾಗ.

ಮುರಿದ ಪ್ಲೇಟಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ತಂದಿದ್ದೆ. ಆ ಖಾಲಿ ಜಾಗಕ್ಕೆ ಹಿಡಿದೆ. ಅಂಚಿಗೆ ಅಂಚು ಕೂತಿತು. ಗೋಡೆಯ ಪೈಪಿಗೆಂದು ಬಿಟ್ಟ ಕಚ್ಚು ಕೂಡ ಸರಿಯಾಗಿ ಹೊಂದಿತು.

"ಇದನ್ನ ಯಾರು ಕತ್ತರಿಸಿದ್ದು?"

ಮೇಸ್ತ್ರಿ ಕನ್ನಡಕ ಹಣೆಗೇರಿಸಿ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಎಳೆದ. "ಅಯ್ಯೋ, ಇದಕ್ಕೆ ಪತ್ತೇದಾರರು ಬೇರೆ ಬೇಕಾ? ಅಂಚು ನೋಡಿ, ಬೆಣ್ಣೆ ಕುಯ್ದಂಗೆ. ಈ ಕಚ್ಚಿನ ಮೂಲೆ ನೋಡಿ, ಚೂರು ಗುಂಡಗೆ ತಿರುಗಿಸಿದಾಳೆ. ಚೂಪಾಗಿ ಬಿಟ್ರೆ ಅಲ್ಲಿಂದ ಬಿರುಕು ಶುರುವಾಗುತ್ತೆ ಅಂತ ಅವಳಿಗೆ ಒಂದೇ ಹಟ. ನಮ್ಮ ಕಡೆ ಹಿಂಗೆ ಮಾಡೋಳು ಒಬ್ಬಳೇ."

"ಯಾರು?"

"ವೆಲ್ಡರ್ ತಂಗಿ. ಮತ್ಯಾರು?"

ರಟ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ, ಬಿಚ್ಚಿದೆ, ಮತ್ತೆ ಮಡಚಿದೆ. ಮೇಸ್ತ್ರಿ ಇನ್ನೂ ಏನೋ ಹೇಳುತ್ತಿದ್ದ, ತಲೆಗೆ ಹೋಗಲಿಲ್ಲ.

ಮೊದಲ ದಿನ ನನ್ನ ಬಾಗಿಲಿಗೆ ಬಂದಾಗ ಪುಟ್ಟಿ ಅಂದಿದ್ದಳು: 'ಬೇರೆ ಯಾವುದು ಮುರಿದಿದ್ರೂ ನಂಬ್ತಿದ್ದೆ ಅಕ್ಕಾ, ಅದೊಂದು ಮುರಿಯೋಕೆ ಸಾಧ್ಯವೇ ಇಲ್ಲ.' ಅಣ್ಣನ ಕೈಕೆಲಸದ ಮೇಲಿನ ಅಭಿಮಾನ ಎಂದುಕೊಂಡು ನಾನು ತಲೆದೂಗಿದ್ದೆ. ಅದೊಂದೇ ಯಾಕೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ನನ್ನ ಪತ್ತೇದಾರಿಕೆಗಿಷ್ಟು ಬೆಂಕಿ ಹಾಕ!

"ಅವಳೆಲ್ಲಿ?"

"ಯಾವುದೋ ಫೋನು ಬಂತು ನೋಡಿ, ಅಳ್ತಾ ನಗ್ತಾ ಅರ್ಧ ದಿನ ರಜೆ ಕೇಳಿದ್ಲು. ಅಣ್ಣಂಗೋಸ್ಕರ ಹೋಗ್ಬೇಕು ಅಂದ್ಲು. ಪಾಪ, ಹೋಗ್ಲಿ ಅಂತ ಬಿಟ್ಟೆ."

ನೇರವಾಗಿ ಜೈಲಿಗೆ ಹೋದೆ. ಅವಳು ಅಲ್ಲಿರಲಿಲ್ಲ, ಬಂದೂ ಇರಲಿಲ್ಲ. ಫೋನು ಹೊಡೆದುಕೊಂಡಿತೇ ಹೊರತು ಎತ್ತುವವರಿಲ್ಲ. ಅಷ್ಟು ದೂರ ಬಂದಾಗಿದೆ, ಅಣ್ಣನನ್ನೇ ಹಿಡಿಯೋಣವೆಂದು ಭೇಟಿಗೆ ಬರೆದುಕೊಟ್ಟೆ.

ಜಾಲರಿಯ ಆ ಕಡೆ ಅವನು ಬಂದು ಕೂತ. ಜೊತೆಗಾರರೆಲ್ಲ ಅವನನ್ನು ಕಿಡಿ ಎನ್ನುತ್ತಾರೆ. ಹೆಸರಿಗೆ ಮಾತ್ರ ಕಿಡಿ, ಮನುಷ್ಯ ತಣ್ಣನೆಯ ಬೂದಿ. ಮೊಣಕೈವರೆಗೂ ಸುಟ್ಟ ಚುಕ್ಕೆಗಳು. ಹಿಂದಿನ ಭೇಟಿಗಳಲ್ಲೆಲ್ಲ ಅವನ ಬಾಯಿಂದ 'ತಪ್ಪು ನನ್ನದೇ ಮೇಡಂ' ಎಂಬುದರಾಚೆ ನಾಲ್ಕು ಮಾತು ಹೊರಡಿಸಲು ನನ್ನಿಂದಾಗಿರಲಿಲ್ಲ.

"ಪ್ಲೇಟು ಇಪ್ಪತ್ತೈದು," ಎಂದೆ.

"ಯಾವ ಪ್ಲೇಟು?"

"ನಿನ್ನ ತಂಗಿ ಕತ್ತರಿಸಿದ್ದು."

ಅವನು ಜಾಲರಿಯನ್ನು ಹಿಡಿದುಕೊಂಡ. "ಅವಳಿಗೆ ಗೊತ್ತಾ?"

"ಏನು ಗೊತ್ತಾ?"

"ಅದರಿಂದಾನೇ ಬಿತ್ತು ಅಂತ."

ಅಲ್ಲಿಗೆ ಎಲ್ಲ ಮುಗಿಯಿತು. ಅವನು ಹಣೆಯನ್ನು ಜಾಲರಿಗೆ ಒತ್ತಿದ. ಪಕ್ಕದಲ್ಲಿ ಯಾರೋ ತಮ್ಮವರ ಹತ್ತಿರ ಚಪ್ಪಲಿ ಅಳತೆ ಕೇಳುತ್ತಿದ್ದರು.

"ಅತ್ತೆ ನಿಲ್ಲೋ ಜಾಗ ಮೇಡಂ," ಎಂದ ಕೊನೆಗೆ. "ನಮ್ಮತ್ತೆ ದಿನವಿಡೀ ಅಲ್ಲೇ ನಿಲ್ತಾಳಲ್ಲ, ಅದೊಂದಾದ್ರೂ ಗಟ್ಟಿಯಾಗಿರ್ಲಿ ಅಂತ ಪುಟ್ಟಿ ಯಾರಿಗೂ ಹೇಳದೆ ದಪ್ಪದ್ದು ಕತ್ತರಿಸಿ ರಾಶಿ ಒಳಗೆ ಸೇರಿಸಿದ್ಲು. ನನಗೂ ಹೇಳಿರ್ಲಿಲ್ಲ. ಕೈಗೆತ್ತಿಕೊಂಡಾಗ ಭಾರದಲ್ಲೇ ಗೊತ್ತಾಯ್ತು. ಮೇಲೆ ಸೀಮೆಸುಣ್ಣದಲ್ಲಿ ಯಾವ ಜಾಗಕ್ಕೆ ಅಂತ ಬೇರೆ ಗುರುತು ಹಾಕಿದ್ಲು. ನಗು ಬಂತು. ಚಿಕ್ಕೋಳಿದ್ದಾಗ ಅತ್ತೆ ತಟ್ಟೆಗೆ ತನ್ನ ಪಾಲಿಂದು ಕದ್ದು ಹಾಕ್ತಿದ್ಲು, ಹಂಗೇ ಇದೂ ಅಂದ್ಕೊಂಡೆ."

"ಮೇಸ್ತ್ರಿಗೆ ಹೇಳ್ಬಹುದಿತ್ತಲ್ಲೋ?"

"ಹೇಳಿದ್ರೆ ಮಾಲು ಕದ್ದಳು ಅಂತ ಅವತ್ತೇ ಅವಳ ಕೆಲಸ ಹೋಗ್ತಿತ್ತು. ಹೆಣ್ಣುಮಗಳಿಗೆ ಕಟಿಂಗ್ ಕೊಟ್ಟಿದ್ದೇ ದೊಡ್ಡದು ಅನ್ನೋ ಜಾಗ ಅದು."

"ಸರಿ. ಇಪ್ಪತ್ತೈದಕ್ಕೆ ಐದು ಸಾಲದು, ಎಂಟು ಹಾಕ್ಬೇಕು ಅಂತ ನಿನಗೆ ಗೊತ್ತಿರ್ಲಿಲ್ವಾ?"

ಅವನು ನನ್ನ ಮುಖ ನೋಡಿದ. ಸುಳ್ಳು ಹೇಳಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಗೊತ್ತಿತ್ತು."

"ಗೊತ್ತಿದ್ದೂ?"

"ತಪಾಸಣೆಗೆ ಬರೋರು ಗೇಜು ಹಿಡ್ಕೊಂಡು ವೆಲ್ಡು ಮಾತ್ರ ಅಳೀತಾರೆ ಮೇಡಂ. ಪ್ಲೇಟು ಅಳೆಯಲ್ಲ, ಅಷ್ಟೊತ್ತಿಗೆ ಅದು ಗೋಡೆ ಒಳಗೆ ಕೂತಿರುತ್ತೆ. ಎಲ್ಲದರಲ್ಲೂ ಐದಿದ್ದು ಇದೊಂದರಲ್ಲಿ ಎಂಟು ಕಂಡ್ರೆ ಇದ್ಯಾಕೆ ಬೇರೆ ಅಂತ ಕೆದಕ್ತಿದ್ರು. ಕೆದಕಿದ್ರೆ ಪುಟ್ಟಿ ಸಿಕ್ಕಿಬೀಳ್ತಿದ್ಲು. ಬೆಂಕಿ ಹಚ್ಚಿ ಪ್ಲೇಟು ಕಾಯಿಸೋಕೆ ಹೋಗಿದ್ರೆ ಮೇಸ್ತ್ರಿ ಕಣ್ಣಿಗೆ ಬೀಳ್ತಿತ್ತು. ಅದಕ್ಕೇ ಎಲ್ಲದರ ಹಾಗೆ ಇದಕ್ಕೂ ಐದೇ ಎಳೆದೆ. ಹಿಂದೆ ಒಂದೆರಡು ಸಲ ಹಂಗೆ ಮಾಡಿದ್ದೆ, ಏನೂ ಆಗಿರ್ಲಿಲ್ಲ. ಈ ಸಲಾನೂ ಆಗಲ್ಲ ಅಂದ್ಕೊಂಡೆ."

ನನಗೆ ಅವನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಇಷ್ಟು ದಿನ ನಾನು ಒಬ್ಬ ಕೊಲೆಗಾರನನ್ನು ಹುಡುಕುತ್ತಿದ್ದೆ. ಕೊಲೆಗಾರನೇ ಇರಲಿಲ್ಲ. ಒಬ್ಬಳು ಅತ್ತೆಯ ಮೇಲಿನ ಪ್ರೀತಿಗೆ ಪ್ಲೇಟು ದಪ್ಪ ಮಾಡಿದ್ದಳು, ಇನ್ನೊಬ್ಬ ತಂಗಿಯ ಮೇಲಿನ ಪ್ರೀತಿಗೆ ವೆಲ್ಡು ಸಣ್ಣದಾಗಿಯೇ ಬಿಟ್ಟಿದ್ದ. ಇಬ್ಬರ ಪ್ರೀತಿಯೂ ಸೇರಿ ಆ ಅತ್ತೆಯನ್ನು ಕೆಳಗೆ ಹಾಕಿತ್ತು.

"ತಪ್ಪು ನನ್ನದೇ ಅಂತ ಮೊದಲ್ನೇ ದಿನದಿಂದ ಹೇಳ್ತಿದೀನಲ್ಲ," ಎಂದ ಕಿಡಿ. "ನೀವೇ ನಂಬಲಿಲ್ಲ."

"ನಿನ್ನ ತಂಗಿ ನಂಬಲಿಲ್ಲ. ಅವಳನ್ನ ನೋಡಿ ನಾನೂ ನಂಬಲಿಲ್ಲ."

"ಅವಳು ನಂಬೋದು ಬೇಡ. ಮ್ಯಾನೇಜರ್ ಮಾಡ್ದ ಅಂದ್ಕೊಂಡೇ ಬದುಕ್ಲಿ. ಅತ್ತೇನ ತನ್ನ ಪ್ಲೇಟೇ ಕೊಂದಿದ್ದು ಅಂತ ಗೊತ್ತಾದ್ರೆ ಪುಟ್ಟಿ ಉಳಿಯಲ್ಲ. ನನಗೆ ಎಷ್ಟು ವರ್ಷ ಬೇಕಾದ್ರೂ ಹಾಕ್ಲಿ. ನೀವು ಈ ಕೇಸು ಇಲ್ಲಿಗೇ ಬಿಟ್ಬಿಡಿ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದ. ಆ ಕೈಗಳನ್ನು ನೋಡಲಾಗಲಿಲ್ಲ.

"ಹೇಳಲ್ಲ," ಎಂದೆ.

"ಪೊಲೀಸರಿಗೂ."

"ಅವರಿಗೂ ಹೇಳಲ್ಲ. ಪ್ಲೇಟು ದಪ್ಪ ಅಂತ ಅವರಿಗೆ ಗೊತ್ತು. ಕತ್ತರಿಸಿದ್ದು ಯಾರು ಅಂತ ನನಗೆ, ನಿನಗೆ, ಮೇಸ್ತ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ ಬಾಯಿ ಕಟ್ಟಿಹಾಕೋದು ನನ್ನ ಕೆಲಸ. ನಿನ್ನ ತಂಗಿನೂ ಸುಮ್ಮನಿದ್ರೆ ಆಯ್ತು."

ಹೇಳುತ್ತಿದ್ದ ಹಾಗೇ ಬೆಳಗಿನ ಫೋನು ನೆನಪಾಯಿತು. 'ಅಷ್ಟು ಗೊತ್ತಾದ್ರೆ ಸಾಕಾ' ಎಂದು ಅವಳು ಕೇಳಿದ್ದು ಹರ್ಷದಿಂದಲ್ಲ, ಲೆಕ್ಕ ಹಾಕಿಕೊಳ್ಳುತ್ತಾ. ಅಣ್ಣನ ಹತ್ತಿರ ಹೋಗುತ್ತೇನೆಂದು ಮೇಸ್ತ್ರಿಗೆ ಅವಳು ಹೇಳಿರಲೂ ಇಲ್ಲ. ಅಣ್ಣನಿಗೋಸ್ಕರ ಹೋಗಬೇಕು ಎಂದಿದ್ದಳು. ಇನ್‌ಸ್ಪೆಕ್ಟರ್ ಕೊಲೆಗಾರರ ಬಾಯಿಂದ ಕಾಯುತ್ತಿದ್ದದ್ದೂ 'ನಾನೇ' ಎಂಬ ಒಂದೇ ಮಾತಿಗೆ.

ಕಿಡಿಗೆ ಏನೂ ಹೇಳದೆ ಎದ್ದೆ. ಬಾಗಿಲವರೆಗೆ ನಡೆದೆ, ಅಲ್ಲಿಂದ ಓಡಿದೆ. ಈ ವಯಸ್ಸಿನಲ್ಲಿ ನನ್ನ ಓಟ ನೋಡುವವರಿಗೆ ತಮಾಷೆಯಾಗಿಯೇ ಇರುತ್ತದೆ. ಆಟೋದಲ್ಲಿ ಕೂತು ಮತ್ತೆ ಮತ್ತೆ ಫೋನು ಮಾಡಿದೆ. ಎತ್ತಲಿಲ್ಲ.

ಠಾಣೆಯ ಜಗಲಿಯ ಬೆಂಚಿನ ಮೇಲೆ ಪುಟ್ಟಿ ಕೂತಿದ್ದಳು. ಕೆಲಸದ ಅಂಗಿಯನ್ನೂ ಬದಲಾಯಿಸದೆ ಬಂದಿದ್ದಳು. ತೋಳಿನ ತುಂಬ ಕಿಡಿ ಹಾರಿ ಬಿದ್ದ ತೂತುಗಳು. ಪಕ್ಕದಲ್ಲಿ ಒಬ್ಬ ಮಹಿಳಾ ಪೇದೆ ನಿಂತಿದ್ದಳು, ನನ್ನ ಹಳೆಯ ಗೆಳತಿಯೇ. ನನ್ನನ್ನು ಕಂಡವಳೇ ಮುಖ ಬೇರೆ ಕಡೆ ತಿರುಗಿಸಿದಳು.

"ಅಕ್ಕಾ!" ಪುಟ್ಟಿ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ನೋಡಿಯೇ ಇರಲಿಲ್ಲ. "ಒಳಗೆ ಕೂತಿದ್ದೆ, ಫೋನು ಎತ್ತೋ ಹಾಗಿರ್ಲಿಲ್ಲ. ಎಲ್ಲಾ ಹೇಳ್ಬಿಟ್ಟೆ ಅಕ್ಕಾ. ಈಗ ಮನಸ್ಸು ಹಗುರ ಆಯ್ತು."

"ಏನು ಹೇಳ್ದೆ?"

"ಆ ಪ್ಲೇಟು ಬದಲಾಯಿಸಿದ್ದು ನಾನೇ ಅಂತ. ಇಷ್ಟು ದಿನ ನಿಮಗೂ ಹೇಳಿರ್ಲಿಲ್ಲ, ಬೈಕೋಬೇಡಿ. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡಿದ್ದೆ. ಹೋದ್ರೆ ಹೋಗ್ಲಿ, ಅಣ್ಣ ಬರ್ಲಿ ಸಾಕು. 'ಅತ್ತೆಗೆ ಅಂತಾನೇ ದಪ್ಪ ನೋಡಿ ಆರಿಸಿದ್ದು ಸಾರ್, ಅಷ್ಟು ದಪ್ಪದ್ದು ತಾನಾಗೇ ಕೈ ಬಿಡುತ್ತಾ, ನಮ್ಮಣ್ಣಂದು ಏನೂ ತಪ್ಪಿಲ್ಲ, ಆಮೇಲೆ ಯಾರೋ ಬಂದು ಏನೋ ಮಾಡಿದಾರೆ' ಅಂದೆ. ಇನ್‌ಸ್ಪೆಕ್ಟರು ಒಂದಕ್ಷರ ಬಿಡದೆ ಬರ್ಕೊಂಡ್ರು. ಓದಿ ಹೇಳಿದ್ರು, ಸಹಿ ಹಾಕ್ದೆ. ಚಹಾನೂ ತರಿಸಿ ಕೊಟ್ರು. ಒಳ್ಳೆಯವರು ಅಕ್ಕಾ."

ತೆರೆದ ಬಾಗಿಲಿನಿಂದ ಒಳಗಿನ ಕೋಣೆ ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಎದುರು ಕುರ್ಚಿಯಲ್ಲಿ ಲ್ಯಾಬಿನವಳು ಅಳತೆಗೋಲನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನನ್ನನ್ನು ನೋಡಿ ಅವಳ ಕೈ ನಿಂತಿತು. ಪುಟ್ಟಿಗೆ ಬಿಸಿಯ ಲೆಕ್ಕವನ್ನು ಇನ್ನೂ ಯಾರೂ ಹೇಳಿಲ್ಲವೆಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಇಲ್ಲೇ ಕೂತಿರು, ಎಲ್ಲೂ ಹೋಗ್ಬೇಡ ಅಂದಿದಾರೆ," ಎಂದಳು ಪುಟ್ಟಿ. "ಅಣ್ಣನ್ನ ಇಲ್ಲಿಗೇ ಕರ್ಕೊಂಡು ಬರ್ತಾರೆ ಅನ್ಸುತ್ತೆ. ಅಲ್ವಾ?"

ಅವಳ ಕೈಗಳನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಇನ್‌ಸ್ಪೆಕ್ಟರ್ ಫೋನಿಟ್ಟು ಬಾಗಿಲಿಗೆ ಬಂದು ನಿಂತರು. ಬೆಳಗ್ಗೆ ನನ್ನನ್ನು ಕಿಚಾಯಿಸಿದ ಮನುಷ್ಯ ಈಗ ನನ್ನ ಕಣ್ಣು ತಪ್ಪಿಸುತ್ತಿದ್ದರು.

"ಹಾಂ, ಮರೆತಿದ್ದೆ ಅಕ್ಕಾ," ಪುಟ್ಟಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಕೊನೆಗೆ ಒಂದು ಪ್ರಶ್ನೆ ಕೇಳಿದ್ರು. ಪ್ಲೇಟು ಬದಲಾಗಿದ್ದು ನಿಮ್ಮಣ್ಣಂಗೂ ಗೊತ್ತಿತ್ತಾ ಅಂತ. ನಮ್ಮಕ್ಕನ್ನ ಕೇಳ್ಕೊಂಡು ಹೇಳ್ತೀನಿ ಅಂದಿದೀನಿ. ಅದಕ್ಕೇ ಅವರು ಕಾಯ್ತಿರೋದು. ಬೇಗ ಹೇಳಿ, ಗೊತ್ತಿತ್ತು ಅಂದ್ರೆ ಅಣ್ಣ ಹೊರಗೆ ಬರ್ತಾನಾ, ಗೊತ್ತಿರ್ಲಿಲ್ಲ ಅಂದ್ರೆ ಬರ್ತಾನಾ?"